ಹಸಿರು ಗುರಾಣಿಯನ್ನು ತೆಗೆ

ಜೂನ್ 3, ಮಂಗಳವಾರ

ಸೂಜಿ,

ಎರಡು ದಿನ ಇದ್ದೆ, ಉಂಡೆ, ನನ್ನ ಕಂಪ್ಯೂಟರಿನ ಹೊಟ್ಟೆಗೆ ಏನನ್ನೋ ತುರುಕಿದೆ, ಬೆಳಗಾಗೆದ್ದು ಹೇಳದೆ ಕೇಳದೆ ಬಸ್ಸು ಹತ್ತಿದೆ. ಅವತ್ತಿನಿಂದ ಅದು ಎದ್ದಿಲ್ಲ. ಗುಂಡಿ ಒತ್ತಿದರೆ ಕಂಪನಿಯ ಗುರುತು ಬರುತ್ತದೆ, ಅದರ ಕೆಳಗೆ ಚುಕ್ಕಿಗಳು ಸುತ್ತುತ್ತವೆ, ಸುತ್ತಿ ಸುತ್ತಿ ಸುಸ್ತಾಗಿ ಕಪ್ಪಾಗುತ್ತದೆ. ನಾನು ಎದುರಿಗೆ ಕೂತು ಕಾದದ್ದೇ ಬಂತು.

ಪರದೆಗೆ ಒಂದು ಚೀಟಿ ಅಂಟಿಸಿ ಹೋಗಿದ್ದೀಯೆ. "ಅಜ್ಜಿ, ಬೆಂಕಿಗೋಡೆ ಹಾಕಿದ್ದೇನೆ. ಯಾರೂ ಮುಟ್ಟದಿರಲಿ." ಬೆಂಕಿಗೋಡೆಯಂತೆ! ಒಲೆಯ ಹಿಂದೆ ಗೋಡೆ ಇರುವುದು ಗೊತ್ತು, ಹೊಲಿಗೆ ಅಂಗಡಿಯ ಕಂಪ್ಯೂಟರಿಗೆ ಅದು ಯಾಕೆ? ಬೆಂಕಿ ಹತ್ತಿದ್ದು ನನ್ನ ಹೊಟ್ಟೆಗೆ.

ಬ್ಯಾಂಡಿನವರ ಇಪ್ಪತ್ತೆರಡು ಕೋಟು ಬರುವ ತಿಂಗಳು ಐದನೇ ತಾರೀಖಿಗೆ ಕೊಡಬೇಕು. ಇಪ್ಪತ್ತೆರಡು ಜನರ ಭುಜ, ಎದೆ, ತೋಳು ಎಲ್ಲ ಅದರೊಳಗಿದೆ. ಅಳತೆ ಪುಸ್ತಕ ನೀರು ಬಿದ್ದು ಹಾಳಾದಾಗ "ಇನ್ನು ಎಲ್ಲ ಇದರಲ್ಲೇ ಇರಲಿ ಅಜ್ಜಿ" ಎಂದವಳು ನೀನು. ಒಂದೇ ಬೆರಳಿನಲ್ಲಿ ಕುಟ್ಟುವುದನ್ನು ಕಲಿಸಿದವಳೂ ನೀನೇ. ನಿನ್ನೆ ಬ್ಯಾಂಡ್ ಮಾಸ್ತರು ಬಂದು ಬಾಗಿಲಲ್ಲೇ ನಿಂತು, "ಏನಜ್ಜಿ, ನಮ್ಮೋರು ಬನಿಯನ್ನಲ್ಲೇ ಬಾರಿಸ್ಬೇಕಾ?" ಎಂದ. ನಲವತ್ತು ವರ್ಷದಲ್ಲಿ ನನಗೆ ಇಂಥ ಮಾತು ಯಾರೂ ಆಡಿರಲಿಲ್ಲ. "ಬನಿಯನ್ನಾದ್ರೂ ಒಗೆದಿರೋದು ಹಾಕ್ಕೊಳ್ಳಿ" ಎಂದು ಕಳಿಸಿದೆ.

ಫೋನು ಮಾಡುತ್ತೇನೆ ಎನ್ನಬೇಡ. ಎಡಗಿವಿ ಪೂರಾ ಹೋಯಿತು, ಬಲಗಿವಿಯಲ್ಲಿ ಅರ್ಧ ಉಳಿದಿದೆ, ಫೋನಿನಲ್ಲಿ ಜೇನುನೊಣ ಹೊಕ್ಕ ಹಾಗೆ ಕೇಳುತ್ತದೆ. ಮೊದಲೆಲ್ಲ ಇದೇ ಕಂಪ್ಯೂಟರಿನಲ್ಲಿ ದಿನಕ್ಕೆರಡು ಸಲ ಬರೆಯುತ್ತಿದ್ದವಳು, ಈಗ "ಕಾಗದವೇ ಬರಿ" ಎಂದು ವಿಳಾಸ ಕೊಟ್ಟು ಹೋಗಿದ್ದೀಯೆ. ಮೂರು ತಿಂಗಳ ತರಬೇತಿಯಂತೆ, ಹಾಸ್ಟೆಲ್ಲಂತೆ. ಗಂಡನನ್ನು ಬಿಟ್ಟು ಮೂರು ತಿಂಗಳು ಹೋಗಿ ಕಲಿಯುವಂಥದ್ದು ಏನಿದೆಯೋ ನಾನು ಕಾಣೆ.

ಇದನ್ನು ಸರಿಮಾಡುವ ದಾರಿ ಹೇಳು. ಇಲ್ಲವಾದರೆ ನಿನ್ನ ಗಂಡನನ್ನು ಕರೆಸುತ್ತೇನೆ. ಯಂತ್ರ ತಂದುಕೊಟ್ಟವರು ಅವರು, ಕೂರಿಸಿ ಹೋದವರು ಅವರು. ಹಾಳು ಮಾಡಿದವಳು ಮಾತ್ರ ನೀನು.

ಅಜ್ಜಿ


ಜೂನ್ 7, ಶನಿವಾರ

ಪ್ರೀತಿಯ ಅಜ್ಜಿಗೆ,

ಬೈಗುಳ ಪೂರ್ತಿ ಓದಿದೆ. ತಪ್ಪು ನನ್ನದೇ. ನಿನ್ನ ಅಳತೆಗಳು ಎಲ್ಲೂ ಹೋಗಿಲ್ಲ, ಹೆದರಬೇಡ.

ಆಗಿರುವುದು ಇಷ್ಟು. ಕಂಪ್ಯೂಟರಿನಲ್ಲಿ ಮೊದಲೇ ಒಂದು ಕಾವಲು ಇತ್ತು, ಹಸಿರು ಗುರಾಣಿಯ ಚಿತ್ರದ್ದು. ಅವರು ಹಾಕಿದ್ದು. ನಾನು ಅದರ ಮೇಲೆ ಇನ್ನೊಂದು ಹಾಕಿದೆ, ಕೆಂಪು ಗೋಡೆಯ ಚಿತ್ರದ್ದು, ಅದೇ ಬೆಂಕಿಗೋಡೆ, ಇಂಗ್ಲಿಷಿನ ಫೈರ್‌ವಾಲ್. ಬಸ್ಸಿಗೆ ಹೊತ್ತಾಗಿತ್ತು, ಹಳೆಯದನ್ನು ಬಿಡಿಸದೆ ಹೊರಟುಬಿಟ್ಟೆ. ಈಗ ಇಬ್ಬರು ಕಾವಲುಗಾರರು ಒಂದೇ ಬಾಗಿಲಲ್ಲಿ ನಿಂತು "ನೀನ್ಯಾರು" "ನೀನ್ಯಾರು" ಎಂದು ಕಾದಾಡುತ್ತಿದ್ದಾರೆ. ಅದಕ್ಕೇ ಅದು ಏಳುತ್ತಿಲ್ಲ.

ಹೀಗೆ ಮಾಡು. ಗುಂಡಿ ಒತ್ತು. ಕಂಪನಿಯ ಗುರುತು ಬಂದ ಕೂಡಲೇ ಅದೇ ಗುಂಡಿಯನ್ನು ಒತ್ತಿ ಹಿಡಿದುಕೋ, ಆರಿಹೋಗುವ ತನಕ ಬಿಡಬೇಡ. ಹೀಗೆ ಮೂರು ಸಲ. ನಾಲ್ಕನೇ ಸಲ ನೀಲಿ ಪರದೆ ಬರುತ್ತದೆ. ಅಲ್ಲಿ ಒಂದಾದ ಮೇಲೆ ಒಂದು ಯಾವುದನ್ನು ಒತ್ತಬೇಕೆಂದು ಹಿಂದಿನ ಪುಟದಲ್ಲಿ ಬಿಡಿಸಿದ್ದೇನೆ. ಅಕ್ಷರ ನಿನಗೆ ಬಾರದಿದ್ದರೂ ಆಕಾರ ನೋಡಿ ಹೊಂದಿಸು, ಬಟ್ಟೆಯ ಮೇಲೆ ಕಾಗದದ ಮಾದರಿ ಇಟ್ಟ ಹಾಗೆ. ಕೊನೆಗೆ ಒಂದು ಪಟ್ಟಿ ಬರುತ್ತದೆ, ನಾಲ್ಕನೇ ಅಂಕಿ ಒತ್ತು. ಆಗ ಕಂಪ್ಯೂಟರು ಅರೆ ನಿದ್ದೆಯಲ್ಲಿ ಏಳುತ್ತದೆ, ಚಿತ್ರಗಳೆಲ್ಲ ದಪ್ಪಗೆ ಕಾಣುತ್ತವೆ. ಅಷ್ಟಾದ ಮೇಲೆ ಹಸಿರು ಗುರಾಣಿಯನ್ನು ತೆಗೆ. ಕೆಂಪು ಗೋಡೆಯನ್ನು ಮುಟ್ಟಬೇಡ. ಆರಿಸಿ ಮತ್ತೆ ಹಚ್ಚು. ಅಷ್ಟೇ.

ಅವರನ್ನು ಕರೆಯಬೇಡ ಅಜ್ಜಿ. ಅವರಿಗೆ ಈಗ ಕೆಲಸ ಜಾಸ್ತಿ.

ನಿನ್ನ
ಸೂಜಿ


ಜೂನ್ 11, ಬುಧವಾರ

ಸೂಜಿ,

ನೀನು ಹೇಳಿದ ಹಾಗೇ ಮಾಡಿದೆ. ಮೂರು ಸಲ ಅದರ ಕತ್ತು ಹಿಸುಕಿದೆ, ನಾಲ್ಕನೇ ಸಲಕ್ಕೆ ನೀಲಿ ಮುಖ ಮಾಡಿಕೊಂಡು ಎದ್ದಿತು. ನಿನ್ನ ಚಿತ್ರ ಹಿಡಿದು ಒಂದೊಂದೇ ಹೊಂದಿಸಿದೆ. ನಾಲ್ಕು ಒತ್ತಿದೆ. ನಾಲ್ಕನೇ ಕ್ಲಾಸು ಓದಿದವಳಿಗೆ ನಾಲ್ಕೇ ಬಂತು, ಇರಲಿ. ದಪ್ಪ ದಪ್ಪ ಚಿತ್ರ ಬಂತು. ನನ್ನ ಕಣ್ಣಿಗೆ ಹಾಗೇ ಇದ್ದರೆ ಚೆನ್ನಾಗಿತ್ತು.

ಹಸಿರು ಗುರಾಣಿ ತೆಗೆ ಎಂದೆ. ತೆಗೆದೆ. ಅದರ ಮೇಲೆ ಎರಡೆರಡು ಸಲ ಕುಟ್ಟಿ ತೆಗೆದೆ. ಒಳಗೆ ಏನಿದೆ? ಒಂದು ಬೂದು ಹಲಗೆ ಬಂದು ನನಗೆ ಬಾರದ ಅಕ್ಷರದಲ್ಲಿ ಏನೋ ಬೈದು ಹೋಯಿತು. ಐದು ಸಲ ತೆಗೆದೆ, ಐದು ಸಲವೂ ಬೈಸಿಕೊಂಡೆ. ಆರಿಸಿ ಹಚ್ಚಿದರೆ ಮತ್ತೆ ಅದೇ ಚುಕ್ಕಿ, ಅದೇ ಕಪ್ಪು. ಮುದುಕಿಯನ್ನು ಆಟ ಆಡಿಸುತ್ತಿದ್ದೀಯಾ? ನಿನ್ನನ್ನು ಈ ಅಂಗಡಿಯ ಚಿಂದಿ ರಾಶಿಯ ಮೇಲೆ ಮಲಗಿಸಿ ಬೆಳೆಸಿದವಳು ನಾನು. ತೊಟ್ಟಿಲು ತೂಗಬೇಕಾದ ಕಾಲಿನಲ್ಲಿ ಮಿಷಿನ್ ತುಳಿದೆ, ಆ ಸದ್ದಿಗೇ ನೀನು ಮಲಗುತ್ತಿದ್ದೆ.

ನಿನ್ನ ಗಂಡನಿಗೆ ಹೇಳಿ ಕಳಿಸಿದ್ದೇನೆ. ಕೆಲಸ ಜಾಸ್ತಿಯಂತೆ! ಹೇಳಿ ಕಳಿಸಿದ ಅರ್ಧ ದಿನಕ್ಕೇ "ಭಾನುವಾರ ಬರುತ್ತೇನೆ" ಎಂದು ಉತ್ತರ ಬಂತು. ನೋಡಿ ಕಲಿ.

ಅಜ್ಜಿ


ಜೂನ್ 14, ಶನಿವಾರ

ಅಜ್ಜಿ,

ತೆಗೆ ಅಂದರೆ ಬಾಗಿಲು ತೆಗೆದ ಹಾಗೆ ತೆಗೆಯುವುದಲ್ಲ! ಹೊಲಿಗೆ ತಪ್ಪಿದಾಗ ದಾರ ತೆಗೆಯುತ್ತೀಯಲ್ಲ, ಹಾಗೆ. ಬುಡಸಮೇತ ಕಿತ್ತುಹಾಕು. ನೀನು ಐದು ಸಲವೂ ಅದನ್ನು ಕೆಲಸಕ್ಕೆ ಕರೆದಿದ್ದೀಯೆ, ಹೊರಗೆ ಹಾಕಿಲ್ಲ. ಹೇಗೆ ಕೀಳಬೇಕೆಂದು ಇನ್ನೊಂದು ಹಾಳೆಯಲ್ಲಿ ಚಿತ್ರ ಬರೆದಿದ್ದೇನೆ. ಕಸದ ಬುಟ್ಟಿಯಂಥ ಗುರುತು ನೋಡು.

ಅವರಿಗೆ ಕಂಪ್ಯೂಟರು ಕೊಡಬೇಡ. ಮುಟ್ಟಲೂ ಬಿಡಬೇಡ. ನನ್ನ ವಿಳಾಸವನ್ನೂ ಕೊಡಬೇಡ. ಯಾಕೆ ಎಂದು ಕೇಳಬೇಡ. ನನ್ನ ಮಾತು ಒಂದು ಸಲವಾದರೂ ಕೇಳು. ನಿನಗೆ ಕೇಳಿಸದಿರುವುದು ಕಿವಿಯಿಂದ ಮಾತ್ರ ಅಲ್ಲ.

ಸೂಜಿ


ಜೂನ್ 16, ಸೋಮವಾರ

ಸೂಜಿ,

ನಿನ್ನಿಂದ ಕಾಗದವಿಲ್ಲ. ನಾನೇ ಬರೆಯುತ್ತಿದ್ದೇನೆ.

ನಿನ್ನೆ ಅಳಿಯಂದಿರು ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಚಪ್ಪಲಿ ಬಾಗಿಲ ಹೊರಗೆ ಸಾಲಾಗಿ ಬಿಟ್ಟು, ನನ್ನ ಬಲಗಿವಿಯ ಪಕ್ಕ ಕೂತು ಬಿಡಿಸಿ ಬಿಡಿಸಿ ಮಾತಾಡಿದರು. ಯಂತ್ರದ ಬೆನ್ನು ಬಿಚ್ಚಿ ನೋಡಿ, "ಇದನ್ನ ಮನೆಗೇ ತಗೊಂಡು ಹೋಗಿ ಮಾಡ್ಬೇಕು ಅಜ್ಜಿ. ಇಲ್ಲಿ ಆಗಲ್ಲ" ಎಂದರು. ಮೋಟಾರು ಸೈಕಲ್ಲಿನಲ್ಲಿ ಬಂದಿದ್ದರು, ಬರುವ ಭಾನುವಾರ ಕಾರು ತಂದು ಒಯ್ಯುತ್ತಾರಂತೆ.

ಹೋಗುವ ಮುಂಚೆ ನಿನ್ನ ವಿಳಾಸ ಕೇಳಿದರು. ಸೂಜಿ, ನನಗೆ ಆ ಕ್ಷಣ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಟ್ಟಿಕೊಂಡ ಗಂಡನಿಗೇ ವಿಳಾಸ ಕೊಡದೆ ಹೋಗಿದ್ದೀಯಾ? ಏನು ಸೊಕ್ಕು ನಿನ್ನದು? "ಕಾಗದದ ಮೇಲೆ ಯಾವ ಊರಿನ ಮುದ್ರೆ ಇದೆ, ಅದನ್ನಾದ್ರೂ ತೋರ್ಸಿ ಅಜ್ಜಿ" ಎಂದು ಮೂರು ಸಲ ಕೇಳಿದರು. ಮುಚ್ಚಿಟ್ಟೆ ಎಂದುಕೊಳ್ಳಬೇಡ. ಗುಂಡಿ ಡಬ್ಬದ ಕೆಳಗಿತ್ತು, ಹುಡುಕಲು ಕನ್ನಡಕ ಸಿಗಲಿಲ್ಲ. ಭಾನುವಾರ ಕೊಡುತ್ತೇನೆ ಎಂದಿದ್ದೇನೆ. ಕೊಡುತ್ತೇನೆ ಕೂಡ.

ಕನ್ನಡಕ ಎಂದಾಗ ನೆನಪಾಯಿತು. ಅವರು ಬಂದಾಗ ಅದು ನನ್ನ ಮೂಗಿನ ಮೇಲೇ ಇತ್ತು. ನಗುತ್ತಾ, "ನೀಲಿ ದಾರ ಬಿಚ್ಚಿ ಹೊಸ ಕಡ್ಡಿ ಹಾಕಿಸಿದ್ರಾ?" ಎಂದರು. ಕನ್ನಡಕದ ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದು ನಾಲ್ಕೇ ದಿನ, ಹೋದ ತಿಂಗಳು ಜ್ವರ ಬಂದು ಅಂಗಡಿ ಮುಚ್ಚಿದ್ದಾಗ. ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ನಿನಗೆ ನಾಲ್ಕು ಸಾಲು ಕುಟ್ಟಿದ್ದು ಬಿಟ್ಟರೆ ನಾನು ಹಾಸಿಗೆ ಬಿಟ್ಟು ಎದ್ದದ್ದೇ ಇಲ್ಲ. ಆ ನಾಲ್ಕು ಸಾಲಿನಲ್ಲಿ ದಾರದ ವಿಷಯ ನಿನಗೆ ಹೇಳಿದೆನೇ? ಹೇಳಿರಬೇಕು. ನೀನು ಅವರಿಗೆ ಊದಿರಬೇಕು. ಅದೊಂದು ಹೇಳಲು ಬಾಯಿ ಇದೆ, ವಿಳಾಸ ಹೇಳಲು ಇಲ್ಲ.

ಅಜ್ಜಿ


ಜೂನ್ 17, ಮಂಗಳವಾರ (ಕಾರ್ಡು)

ನಿನ್ನ ಹದಿನಾಲ್ಕನೇ ತಾರೀಖಿನ ಕಾಗದ ಈಗ ಬಂತು. ಕೊಡಬೇಡ, ಮುಟ್ಟಿಸಬೇಡ, ಕೇಳಬೇಡ. ನನಗೆ ಅಪ್ಪಣೆ ಮಾಡುವಷ್ಟು ಯಾವಾಗ ಬೆಳೆದೆ? ಕಿವಿಯ ಮಾತು ಬೇರೆ ಎತ್ತಿದ್ದೀಯೆ. ಭಾನುವಾರ ಹನ್ನೊಂದಕ್ಕೆ ಅವರು ಬರುತ್ತಾರೆ, ಯಂತ್ರ ಒಯ್ಯುತ್ತಾರೆ. ಬೇಡವೆನ್ನಲು ಕಾರಣವಿದ್ದರೆ ಬಾಯಿ ಬಿಟ್ಟು ಹೇಳು. ಇಲ್ಲವಾದರೆ ಬಾಯಿ ಮುಚ್ಚಿಕೊಂಡಿರು.


ಜೂನ್ 19, ಗುರುವಾರ

ಅಜ್ಜಿ,

ಶನಿವಾರದೊಳಗೆ ತಲುಪಲಿ ಎಂದು ಇದನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ. ಕೂತುಕೊಂಡು ಓದು.

ನೀಲಿ ದಾರದ ಸಂಗತಿ ನೀನು ನನಗೆ ಹೇಳಿಲ್ಲ. ನನಗೆ ಗೊತ್ತಾದದ್ದು ನಿನ್ನ ಸೋಮವಾರದ ಕಾಗದದಿಂದ.

ಅವನು ನೋಡಿದ್ದಾನೆ. ನಿನ್ನ ಕಂಪ್ಯೂಟರಿನ ತಲೆಯ ಮೇಲೆ ಒಂದು ಕರಿ ಕಣ್ಣು ಇದೆಯಲ್ಲ, ಅದರಿಂದ ನೋಡಿದ್ದಾನೆ. ಹಸಿರು ಗುರಾಣಿ ಕಾವಲಲ್ಲ, ಅದು ಅವನ ಕಿಂಡಿ. ಯಂತ್ರ ತಂದುಕೊಟ್ಟದ್ದೇ ಅದಕ್ಕೆ. ನೀನು ಏನು ಕುಟ್ಟಿದೆ, ನಾನು ನಿನಗೆ ಏನು ಬರೆದೆ, ಎಲ್ಲ ಅವನು ತನ್ನ ಮನೆಯಲ್ಲಿ ಕೂತು ಓದುತ್ತಿದ್ದ. ಏಪ್ರಿಲ್‌ನಲ್ಲಿ ನಾನು ಮನೆ ಬಿಟ್ಟು ಗೆಳತಿಯ ಹತ್ತಿರ ಹೋದೆ. "ಗೆಳತಿಯ ಮನೆಯಲ್ಲಿದ್ದೇನೆ, ಎರಡು ದಿನ ಇದ್ದು ಬರುತ್ತೇನೆ" ಎಂದು ನಿನಗೆ ಬರೆದೆ. ನಿನಗೊಬ್ಬಳಿಗೇ ಬರೆದದ್ದು. ಮಾರನೇ ದಿನ ಬೆಳಗ್ಗೆ ಅವನು ಅವಳ ಮನೆ ಬಾಗಿಲಲ್ಲಿ ನಿಂತಿದ್ದ. ನೀನೇ ಹೇಳಿಕೊಟ್ಟೆ ಅಂದುಕೊಂಡಿದ್ದೆ ಅಜ್ಜಿ. ಒಂದು ತಿಂಗಳು ನಿನ್ನ ಮೇಲೆ ಹಲ್ಲು ಕಡಿದುಕೊಂಡು ಬದುಕಿದೆ.

ಎಲ್ಲಿಗೆ ಹೋದೆ, ಯಾರ ಜೊತೆ ನಕ್ಕೆ, ಇಪ್ಪತ್ತು ನಿಮಿಷದ ದಾರಿಗೆ ಮೂವತ್ತು ನಿಮಿಷ ಯಾಕಾಯಿತು. ಉತ್ತರ ಸರಿಹೋಗದಿದ್ದರೆ ಮಣಿಕಟ್ಟು ತಿರುಚುತ್ತಿದ್ದ. ಮೇ ತಿಂಗಳ ಕೊನೆಗೆ ನಿನ್ನ ಹತ್ತಿರ ಬಂದಾಗ ನೀನು ಅದನ್ನು ನೋಡಿದೆ. "ವಾಚು ಬಿಗಿಯಾಯ್ತೇನೇ?" ಎಂದೆ. ನಾನು ಹೂಂ ಎಂದೆ. ಆ ಎರಡು ದಿನದಲ್ಲಿ ಮೂರು ಸಲ ಹೇಳಲು ಬಾಯಿ ತೆಗೆದೆ. ಮೂರು ಸಲವೂ ನೀನು "ಅಳಿಯ ಅಂದ್ರೆ ಹಾಗಿರ್ಬೇಕು" ಎಂದು ಶುರುಮಾಡಿದೆ.

ಇದು ತರಬೇತಿಯಲ್ಲ. ಕೆಲಸ. ಅದಕ್ಕೆ ಅರ್ಜಿ ಬರೆದದ್ದು ನಿನ್ನ ಕಂಪ್ಯೂಟರಿನಲ್ಲೇ, ಈ ಹಾಸ್ಟೆಲಿನ ವಿಳಾಸ ಸಮೇತ. ಬರೆದು ಮುಗಿಸುವ ಹೊತ್ತಿಗೆ ಕರಿ ಕಣ್ಣಿನ ಪಕ್ಕದ ದೀಪ ತಾನಾಗಿ ಹತ್ತಿತು. ಆಗ ಎಲ್ಲ ಹೊಳೆಯಿತು. ಇಂಟರ್ನೆಟ್ಟಿನ ತಂತಿ ಕಿತ್ತರೆ ನೀನು ಮತ್ತೆ ಚುಚ್ಚುತ್ತೀಯೆ, ಅದಕ್ಕೇ ಬೆಂಕಿಗೋಡೆ ಹಾಕಿ ಓಡಿದೆ. ಅವನು ಆ ಅರ್ಜಿ ಓದಿಲ್ಲ, ಓದಿದ್ದರೆ ಇಷ್ಟರಲ್ಲಿ ಇಲ್ಲಿರುತ್ತಿದ್ದ. ಕಂಪ್ಯೂಟರು ಏಳದೆ ಬಿದ್ದುಕೊಂಡಿರುವುದರಿಂದಲೇ ನಾನು ಉಳಿದಿದ್ದೇನೆ. ಅವನು ಭಾನುವಾರ ಅದನ್ನು ಒಯ್ದರೆ ನನ್ನ ವಿಳಾಸವನ್ನೂ ಒಯ್ದ ಹಾಗೆ.

ಇನ್ನು ನಿನ್ನಿಷ್ಟ.

ಸೂಜಿ


ಜೂನ್ 23, ಸೋಮವಾರ

ನನ್ನ ಸೂಜಿ,

ಕಾಗದ ಶನಿವಾರ ಮಧ್ಯಾಹ್ನ ಬಂತು. ಕೂತುಕೊಂಡು ಓದು ಎಂದಿದ್ದೆ. ನಿಂತೇ ಓದಿದೆ. ಆಮೇಲೆ ಕೂತೆ.

ಇದು ನಿನ್ನ ಮೂರನೇ ಕಾಗದ. ಒಂದು ಮಾತ್ರ ಕಂಡೆ. ಮೊದಲೆಲ್ಲ "ಅವರು". ಇದರಲ್ಲಿ "ಅವನು". ಆ ಒಂದು ಅಕ್ಷರ ನೋಡಿದಾಗಲೇ ಉಳಿದದ್ದು ಓದುವ ಮುಂಚೆ ನನಗೆ ಗೊತ್ತಾಯಿತು. ಜನರ ಮೈಯನ್ನು ನಲವತ್ತು ವರ್ಷ ಅಳೆದವಳು ನಾನು. ಯಾವ ಭುಜ ಅರ್ಧ ಬೆರಳು ಇಳಿದಿದೆ ಎಂದು ದೂರದಿಂದ ಹೇಳುತ್ತೇನೆ. ಮನೆಮಗಳ ಮಣಿಕಟ್ಟು ನೋಡಿ ವಾಚು ಅಂದೆನಲ್ಲ, ಈ ಕಣ್ಣಿಗೆ ಮಣ್ಣು ಹಾಕ.

ಸಿಟ್ಟಿನಲ್ಲಿ ಮೊದಲು ಆ ಯಂತ್ರವನ್ನು ಎತ್ತಿ ಬೀದಿಗೆ ಎಸೆಯಬೇಕೆಂದುಕೊಂಡೆ. ಎಸೆದರೆ ಅವನೇ ಹೆಕ್ಕಿಕೊಳ್ಳುತ್ತಾನೆ. ಸತ್ತೇ ಬಿದ್ದಿರಲಿ ಎಂದುಕೊಂಡೆ. ಬಿದ್ದಿದ್ದರೆ ರಿಪೇರಿ ನೆಪದಲ್ಲಿ ಒಯ್ಯುತ್ತಾನೆ. ಎಬ್ಬಿಸುವುದೇ ಸರಿ ಎಂದುಕೊಂಡೆ. ಮೂರು ಸಲ ಕತ್ತು ಹಿಸುಕಿದೆ, ಈ ಸಲ ಯಾರ ಕತ್ತು ಎಂದು ಮನಸ್ಸಿನಲ್ಲಿ ಇಟ್ಟುಕೊಂಡೇ ಹಿಸುಕಿದೆ. ನಾಲ್ಕು ಒತ್ತಿದೆ. ನಿನ್ನ ಎರಡನೇ ಹಾಳೆಯ ಕಸದ ಬುಟ್ಟಿ ಹುಡುಕಿದೆ. ಹಸಿರು ಗುರಾಣಿಯನ್ನು ಹಿಡಿದು ಹಾಕಿದೆ. "ನಿಜವಾಗಿಯೂ ಬೇಕೇ" ಎಂದೇನೋ ಕೇಳಿತು ಅನ್ನಿಸುತ್ತದೆ. ಹೂಂ ಎಂದು ಕುಟ್ಟಿದೆ. ಇನ್ನೊಮ್ಮೆ ಕೇಳಿತು. "ಎಷ್ಟು ಸಲ ಕೇಳ್ತೀಯೋ ಮುಂಡೇದೇ" ಎಂದು ಇನ್ನೂ ಜೋರಾಗಿ ಕುಟ್ಟಿದೆ. ಆರಿಸಿ ಹಚ್ಚಿದೆ. ಚುಕ್ಕಿ ಸುತ್ತಿತು, ಸುತ್ತಿತು, ಬೆಳಕಾಯಿತು. ಡೊಳ್ಳುಹೊಟ್ಟೆಯ ದೊಡ್ಡ ಡ್ರಮ್ಮಿನವನಿಂದ ಹಿಡಿದು ಇಪ್ಪತ್ತೆರಡು ಜನರ ಅಳತೆಯೂ ಕೂತಲ್ಲೇ ಕೂತಿತ್ತು. ನಿನ್ನ ಅರ್ಜಿಯೂ ಇತ್ತು. ಅದನ್ನೂ ಬುಟ್ಟಿಗೆ ಹಾಕಿದೆ, ಬುಟ್ಟಿಯನ್ನೂ ಖಾಲಿ ಮಾಡಿದೆ. ಕರಿ ಕಣ್ಣಿನ ಮೇಲೆ ಬ್ಯಾಂಡಿನವರ ಹಿತ್ತಾಳೆ ಗುಂಡಿ ಒಂದನ್ನು ಅಂಟಿಸಿದೆ. ಈಗ ನೋಡಲಿ, ಅವನ ಮುಖವೇ ಅವನಿಗೆ ಕಾಣಲಿ.

ಆಮೇಲೆ ಬ್ಯಾಂಡ್ ಮಾಸ್ತರಿಗೆ ಹೇಳಿ ಕಳಿಸಿದೆ. "ಭಾನುವಾರ ಹನ್ನೊಂದಕ್ಕೆ ಮೊದಲು ಇಪ್ಪತ್ತೆರಡು ಜನವೂ ಬರ್ಬೇಕು. ಒಬ್ರು ಕಮ್ಮಿಯಾದ್ರೂ ಕೋಟಿಲ್ಲ." ಅಳತೆ ಸಿಕ್ಕಿದ್ದೇ ರಾತ್ರಿಯಿಡೀ ಕೂತು ಎದೆ, ಬೆನ್ನಿನ ತುಂಡುಗಳನ್ನಷ್ಟೇ ಕತ್ತರಿಸಿದ್ದೆ, ಅವನ್ನು ಮೈಮೇಲೆ ಇಟ್ಟು ನೋಡುವುದು ಹೇಗೂ ಬಾಕಿಯಿತ್ತು. ಅಂಗಡಿಯಲ್ಲಿ ಜಾಗ ಸಾಲದೆ ಬಾಗಿಲ ತನಕ ನಿಂತರು. ಒಬ್ಬನಿಗೂ ತೋಳಿಲ್ಲ, ಕಾಲರಿಲ್ಲ, ಮೈ ತುಂಬಾ ಗುಂಡುಪಿನ್ನು. "ಉಸಿರು ಬಿಟ್ರೆ ಚುಚ್ಚುತ್ತೆ ಅಜ್ಜಿ" ಎಂದು ಡ್ರಮ್ಮಿನವನು ಅಳುಮುಖ ಮಾಡಿದ. "ಹಾಗಿದ್ರೆ ಬಿಡ್ಬೇಡ" ಎಂದೆ.

ಹನ್ನೊಂದಕ್ಕೆ ಸರಿಯಾಗಿ ಕಾರು ಬಂತು. ನಾನು ಚಿಲಕ ಹಾಕಿದ್ದೆ. ಗಾಜಿನ ಬಾಗಿಲ ಆಚೆ ನಿಂತು ತಟ್ಟಿದ. ಕಿವಿಗೆ ಬೀಳಲಿಲ್ಲ, ಬಾಯಿ ನೋಡಿ ಮಾತು ಗುರುತು ಹಿಡಿದೆ.

"ತೆಗೀರಿ ಅಜ್ಜಿ."

"ತೆಗೆದಾಯ್ತು!" ಎಂದು ಕೂಗಿದೆ. "ನಿನ್ನೇನೇ ತೆಗೆದಾಯ್ತು!"

ಅವನಿಗೆ ತಿಳಿಯಲಿಲ್ಲ. ನಕ್ಕ. "ಬಾಗಿಲು ಅಜ್ಜಿ, ಬಾಗಿಲು."

"ಹಸಿರು ಗುರಾಣಿ ಕಣೋ! ನನ್ನ ಮನೆಯೊಳಗೆ ಕಿಂಡಿ ಕೊರೆದು, ಜ್ವರದಲ್ಲಿ ಮಲಗಿದ್ದ ಮುದುಕಿಯನ್ನ ಇಣುಕಿ ನೋಡ್ತಿದ್ದೆಯಲ್ಲ, ಅದು! ಬುಡಸಮೇತ ಕಿತ್ತು ಕಸಕ್ಕೆ ಹಾಕಿದೆ! ನೀಲಿ ದಾರ ಬೇಕಾ, ನೀಲಿ ದಾರ? ಬಾ, ಕಣ್ಣಿಗೆ ಹೊಲಿಗೆ ಹಾಕಿ ಕಳಿಸ್ತೀನಿ!"

ಕಿವುಡಿಯ ಕೂಗು ಎಂದರೆ ನಿನಗೆ ಗೊತ್ತಲ್ಲ, ಎಷ್ಟು ಜೋರಾಯಿತೋ ನನಗೇ ತಿಳಿಯುವುದಿಲ್ಲ. ಎದುರು ಸಾಲಿನ ಮೂರು ಅಂಗಡಿಯವರು ಹೊರಗೆ ಬಂದರು. ಅವನ ನಗು ಮುಖದಲ್ಲಿ ಹಾಗೇ ನಿಂತಿತ್ತು, ಕಣ್ಣು ಮಾತ್ರ ನನ್ನನ್ನು ದಾಟಿ ಯಂತ್ರವನ್ನು ಹುಡುಕುತ್ತಿತ್ತು. ಕಾಣಲಿಲ್ಲ. ನಡುವೆ ಇಪ್ಪತ್ತೆರಡು ಜನ ಇದ್ದರು. ನಾನು ಯಾರಿಗೂ ಏನೂ ಹೇಳಿಕೊಟ್ಟಿರಲಿಲ್ಲ. ಆದರೆ ಬ್ಯಾಂಡ್ ಮಾಸ್ತರು ನನ್ನ ಮುಖ ನೋಡಿದ, ಅವನ ಮುಖ ನೋಡಿದ, ಬಾಗಿಲ ಕಡೆಗೆ ತಿರುಗಿ ನಿಂತ. ಉಳಿದವರೂ ಒಬ್ಬರ ಪಕ್ಕ ಒಬ್ಬರು ತಿರುಗಿದರು. ಪಿನ್ನು ಚುಚ್ಚಿದರೂ ಯಾರೂ ಕದಲಲಿಲ್ಲ. ಬೆಂಕಿಗೋಡೆ ಎಂದರೆ ಏನು ಎಂದು ನನಗೆ ಆಗ ಅರ್ಥವಾಯಿತು.

ಅವನು ಕಾರಿನ ಕಡೆ ತಿರುಗಿದಾಗ ಡ್ರಮ್ಮಿನವನು ಜೊತೆಗೆ ತಂದಿದ್ದ ಡ್ರಮ್ಮಿಗೆ ಒಂದೇ ಒಂದು ಪೆಟ್ಟು ಕೊಟ್ಟ. ನನಗೆ ಕಿವಿಯಲ್ಲಿ ಕೇಳಲಿಲ್ಲ, ಅಂಗಾಲಿನಲ್ಲಿ ಕೇಳಿತು.

ಅವನು ಇಷ್ಟಕ್ಕೆ ಬಿಡುವವನಲ್ಲ, ನನಗೂ ಗೊತ್ತು. ಕ್ಲಾರಿನೆಟ್ ಊದುವವನ ಅಕ್ಕ ವಕೀಲೆ. ಸಂಜೆಯೇ ಬಂದಳು. ಕಿತ್ತುಹಾಕುವ ಮುಂಚೆ ಗುರಾಣಿಯ ಗುರುತು ಉಳಿಸಬೇಕಿತ್ತಂತೆ, ಸಾಕ್ಷಿಗೆ. "ಅಯ್ಯೋ ಅಜ್ಜಿ, ಎಂಥ ಕೆಲಸ ಮಾಡಿದ್ರಿ" ಎಂದಳು. ನನಗೇನು ಗೊತ್ತು? ನೀಲಿ ದಾರದ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ ಎಂದೆ. ಅದೂ ಸಾಕ್ಷಿಯೇ ಅಂದಳು. ಅವಳ ವಿಳಾಸ ಹಿಂದಿನ ಪುಟದಲ್ಲಿದೆ, ಇವತ್ತೇ ಅವಳಿಗೆ ಬರಿ. ನಿನ್ನ ವಿಳಾಸ ನನಗೆ ಬಾಯಿಪಾಠವಾಗಿದೆ. ಲಕೋಟೆಗಳನ್ನು ಚೂರು ಚೂರು ಕತ್ತರಿಸಿ ಡ್ರಮ್ಮಿನವನ ಕೋಟಿನ ಭುಜದೊಳಗೆ ತುಂಬಿ ಹೊಲಿದುಬಿಟ್ಟಿದ್ದೇನೆ. ಇಳಿದ ಭುಜ, ಹೇಗೂ ಏನಾದರೂ ತುಂಬಲೇಬೇಕಿತ್ತು.

ನಿನ್ನ ಮೇಲೂ ಸಿಟ್ಟಿದೆ. ಒಂದು ತಿಂಗಳು ನನ್ನನ್ನು ಚಾಡಿಕೋರಿ ಅಂದುಕೊಂಡೆಯಲ್ಲ, ಆ ಸಿಟ್ಟು. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ. ನೀನು ಮೂರು ಸಲ ಬಾಯಿ ತೆಗೆದೆ, ನಾನು ಒಂದು ಸಲವೂ ಮುಚ್ಚಲಿಲ್ಲ. ಇದನ್ನು ಕ್ಷಮಿಸು ಎಂದು ಬರೆಯಲು ಕೂತರೆ ಕೈ ಬರುವುದಿಲ್ಲ, ಅಭ್ಯಾಸವಿಲ್ಲ.

ಐದನೇ ತಾರೀಖು ಬ್ಯಾಂಡು ನಮ್ಮ ಬೀದಿಯಲ್ಲೇ ಹೋಗುತ್ತದೆ. ಅವರ ನಡುವೆ ನಡೆದುಕೊಂಡು ಬಾ, ಮಾಸ್ತರು ಒಪ್ಪಿದ್ದಾನೆ, ನಿನಗೂ ಒಂದು ಕೋಟು ಹೊಲಿಯುತ್ತಿದ್ದೇನೆ. ಬಂದು ಬಾಗಿಲು ತಟ್ಟಬೇಡ, ನನಗೆ ಕೇಳಿಸುವುದಿಲ್ಲ. ಗಾಜಿನ ಎದುರು ನಿಂತುಕೋ.

ತೆಗೆಯುತ್ತೇನೆ.

ಅಜ್ಜಿ